ಅಕಾಗಿ ಬೆಟ್ಟದ ಚಿನ್ನ, ಒಗುರಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಇವತ್ತು ಜಪಾನಿನ ಒಂದು ಬೆಟ್ಟದ ಬಗ್ಗೆ, ಅದರ ಹೊಟ್ಟೆಯಲ್ಲಿದೆ ಅಂತ ಜನ ನಂಬಿರುವ ಚಿನ್ನದ ಬಗ್ಗೆ ಮಾತಾಡೋಣ. ಅದಕ್ಕಿಂತ ಜಾಸ್ತಿ, ಆ ಚಿನ್ನ ಬಚ್ಚಿಟ್ಟವನು ಅಂತ ಇವತ್ತಿಗೂ ಹೆಸರು ಹೊತ್ತಿರುವ ಒಗುರಿ ಅನ್ನೋ ಒಬ್ಬ ಅಧಿಕಾರಿಯ ಬಗ್ಗೆ ಹೇಳಬೇಕು. ಅವನಿಗೆ ಅನ್ಯಾಯವಾಗಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಬೆಟ್ಟದ ಹೆಸರು ಅಕಾಗಿ. ಟೋಕಿಯೋದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದ ಗುನ್ಮಾ ಪ್ರಾಂತ್ಯದಲ್ಲಿದೆ. ಹಳೇ ಜ್ವಾಲಾಮುಖಿ. ಅತಿ ಎತ್ತರದ ಶಿಖರ 1,828 ಮೀಟರ್. ಮೇಲೆ ಒನುಮಾ ಅನ್ನೋ ಸರೋವರ, ಅದರ ದಂಡೆಯಲ್ಲೇ ಅಕಾಗಿ ದೇವರ ಗುಡಿ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುತ್ತದೆ. ಜನ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿ ಕೂರುತ್ತಾರೆ.

ಈ ದೇವರ ಕಥೆ ಬಹಳ ಹಳೆಯದು. ಪಕ್ಕದ ನಿಕ್ಕೋ ಸೀಮೆಯ ಬೆಟ್ಟದ ದೇವರಿಗೂ ಅಕಾಗಿ ದೇವರಿಗೂ ಒಂದು ಸರೋವರಕ್ಕಾಗಿ ಜಗಳ ಹತ್ತಿತಂತೆ. ನಿಕ್ಕೋ ದೇವರು ಹಾವಾಗಿ ಬಂದ, ಅಕಾಗಿ ದೇವರು ಜರಿಯಾಗಿ ಬಂದ. ಬಾಣದ ಏಟು ತಿಂದು ಹಿಂದೆ ಸರಿದ ಅಕಾಗಿ ದೇವರು ಆ ಬಾಣ ಕಿತ್ತು ನೆಲಕ್ಕೆ ಚುಚ್ಚಿದಾಗ ಬಿಸಿನೀರು ಚಿಮ್ಮಿತಂತೆ. ಅದೇ ಇವತ್ತಿನ ಒಇಗಾಮಿ ಬಿಸಿನೀರಿನ ಊರು. ಇನ್ನೊಂದು ಕಥೆಯಲ್ಲಿ ಅಕಾಬೊರಿ ಮನೆತನದ ಹದಿನಾರರ ಹುಡುಗಿಯೊಬ್ಬಳು ಬೆಟ್ಟದ ಮೇಲಿನ ಚಿಕ್ಕ ಸರೋವರಕ್ಕೆ ಇಳಿದು ಡ್ರ್ಯಾಗನ್ ಆಗಿಬಿಡುತ್ತಾಳೆ. ಇಂಥ ಬೆಟ್ಟದಲ್ಲಿ ಏನೋ ಅಡಗಿದೆ ಅಂದರೆ ಸುತ್ತಲಿನ ಊರಿನವರಿಗೆ ನಂಬೋದು ಕಷ್ಟವಾಗಲಿಲ್ಲ.

ಈಗ ಚಿನ್ನದ ಕಥೆ. 1868ರ ಮೇ 3ರಂದು ಎದೋ ಕೋಟೆ, ಅಂದರೆ ಇವತ್ತಿನ ಟೋಕಿಯೋದ ಕೋಟೆ, ಯುದ್ಧವಿಲ್ಲದೆ ಚಕ್ರವರ್ತಿಯ ಹೆಸರಿನಲ್ಲಿ ಬಂದ ಹೊಸ ಸರ್ಕಾರದ ಕೈಗೆ ಬಂತು. ಸುಮಾರು 260 ವರ್ಷ ದೇಶ ಆಳಿದ ಸೇನಾಧಿಪತಿಗಳ, ಅಂದರೆ ತೊಕುಗಾವಾ ಶೋಗನ್ ಮನೆತನದ ಕೋಟೆ ಅದು. ಹೊಸಬರಿಗೆ ದುಡ್ಡಿನ ತುರ್ತು ಎಷ್ಟಿತ್ತೆಂದರೆ ಮಿತ್ಸುಯಿ, ಒನೊ, ಶಿಮಾದಾ ಮನೆತನದ ಸಾಹುಕಾರರ ಹತ್ತಿರ ಕೈಚಾಚಿದ್ದರು. ಆಸೆಯಿಂದ ಬೊಕ್ಕಸ ತೆರೆದರೆ ಖಾಲಿ. ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಯಾರೋ ಸಾಗಿಸಿಬಿಟ್ಟಿದ್ದಾರೆ ಅಂತ ಗುಲ್ಲೆದ್ದಿತು. ಖಜಾನೆ ನೋಡಿಕೊಳ್ಳುತ್ತಿದ್ದವನು ಒಗುರಿ ತದಾಮಸಾ. ಕೆಲಸ ಕಳೆದುಕೊಂಡು ಅವನು ಹೋಗಿದ್ದು ಗುನ್ಮಾಕ್ಕೆ. ತೋನೆ ನದಿಯಲ್ಲಿ ದೋಣಿಗಳ ಮೇಲೆ ಚಿನ್ನ ಸಾಗಿಸಿ ಅಕಾಗಿಯ ತಪ್ಪಲಲ್ಲಿ ಹೂತಿಟ್ಟ ಅನ್ನೋ ಮಾತು ಹಬ್ಬಿತು. ಮೊತ್ತ 36 ಲಕ್ಷ ರಿಯೋ (ರಿಯೋ ಅಂದರೆ ಆಗಿನ ಜಪಾನಿನ ಹಣದ ಲೆಕ್ಕ) ಅಂತ ಕೆಲವರು, 40 ಲಕ್ಷ ಅಂತ ಇನ್ನು ಕೆಲವರು.

ಮೇಜಿ ಕಾಲದಲ್ಲೇ, ಅಂದರೆ ಈ ಹೊಸ ಸರ್ಕಾರದ ಕಾಲದಲ್ಲೇ, ಮಿಜುನೊ ಅನ್ನೋ ಮನೆತನದವರು ಅಗೆಯಲು ಶುರು ಮಾಡಿದರು. ತಲೆಮಾರು ತಲೆಮಾರು ಅಗೆದರು. ಶೋಗನ್ ವಂಶದ ಮೂಲಪುರುಷ ಇಯೆಯಾಸುವಿನ ಪುಟ್ಟ ಚಿನ್ನದ ವಿಗ್ರಹ ಒಂದು ಬಾವಿಯ ಹತ್ತಿರ ಸಿಕ್ಕಿತು, ಒಗಟಿನಂಥ ಬರಹದ ತಾಮ್ರದ ತಗಡುಗಳು ಸಿಕ್ಕಿದವು ಅಂತ ಅವರು ಹೇಳಿದರು. 1990ರಲ್ಲಿ ಟಿಬಿಎಸ್ ಟಿವಿಯವರು ದೊಡ್ಡ ದೊಡ್ಡ ಯಂತ್ರ ತಂದು ಗುಡ್ಡ ಅಗೆದರು. ಜಾಹೀರಾತು ಬರಹಗಾರ ಇತೊಯಿ ಶಿಗೆಸಾತೊ ಮುಂದಾಳು. ದೇಶವೇ ಟಿವಿ ಮುಂದೆ ಕೂತು ನೋಡಿತು. ಚಿನ್ನ ಮಾತ್ರ ಸಿಗಲಿಲ್ಲ. ಅಗೆದವರನ್ನು ನಾನು ಹಂಗಿಸುವುದಿಲ್ಲ. ಅಪ್ಪ ಬಿಟ್ಟುಹೋದ ಗುಂಡಿಗೆ ಮಗ ಇಳಿಯುವುದರಲ್ಲಿ ಆಸೆ ಮಾತ್ರ ಅಲ್ಲ, ಹೆತ್ತವರ ಮಾತಿನ ಮೇಲಿನ ನಿಷ್ಠೆಯೂ ಇದೆ.

ಆದರೆ ಲೆಕ್ಕ ಏನು ಹೇಳುತ್ತದೆ? ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1858ರಲ್ಲಿ ಅಮೆರಿಕದ ಜೊತೆ ಒಪ್ಪಂದವಾಯಿತು, ಮರುವರ್ಷ ಬಂದರುಗಳು ತೆರೆದವು. ಪರದೇಶದ ನಾಣ್ಯವನ್ನು ಅದೇ ಲೋಹದ ಜಪಾನಿ ನಾಣ್ಯಕ್ಕೆ ತೂಕದ ಲೆಕ್ಕದಲ್ಲಿ ಬದಲಿಸಿಕೊಡಬೇಕು ಅಂತ ಒಪ್ಪಂದದಲ್ಲಿತ್ತು. ಕೇಳೋಕೆ ನ್ಯಾಯವಾಗಿದೆ, ಅಲ್ವಾ? ತೊಂದರೆ ಇದ್ದಿದ್ದು ಬೆಲೆಯಲ್ಲಿ. ಹೊರಗಿನ ಪ್ರಪಂಚದಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು ಹದಿನೈದು ತೂಕ ಬೆಳ್ಳಿ. ಜಪಾನಿನ ಒಳಗೆ ಬರೀ ಐದು.

ಒಬ್ಬ ವ್ಯಾಪಾರಿ ಯೊಕೊಹಾಮಾ ಬಂದರಿಗೆ ನಾಲ್ಕು ಮೆಕ್ಸಿಕನ್ ಬೆಳ್ಳಿ ಡಾಲರ್ ತಂದ ಅಂತಿಟ್ಟುಕೊಳ್ಳಿ. ತೂಕದ ಪ್ರಕಾರ ಅವನಿಗೆ ಇಚಿಬು ಅನ್ನೋ ಸಣ್ಣ ಬೆಳ್ಳಿ ನಾಣ್ಯ ಹನ್ನೆರಡು ಸಿಗುತ್ತವೆ. ನಾಲ್ಕು ಇಚಿಬುಗೆ ಒಂದು ಕೋಬಾನ್, ಅಂದರೆ ಒಂದು ರಿಯೋ ಬೆಲೆಯ ಅಂಡಾಕಾರದ ಚಿನ್ನದ ನಾಣ್ಯ. ಹನ್ನೆರಡಕ್ಕೆ ಮೂರು ಕೋಬಾನ್. ಆ ಮೂರನ್ನು ಜೇಬಿಗೆ ಹಾಕಿಕೊಂಡು ಶಾಂಘೈಗೆ ಹೋಗಿ ಮಾರಿದರೆ ಸುಮಾರು ಹನ್ನೆರಡು ಡಾಲರ್. ನಾಲ್ಕು ಹೋಗಿ ಹನ್ನೆರಡಾಯಿತು! ಸರಕು ಕೊಳ್ಳಲಿಲ್ಲ, ಮಾರಲಿಲ್ಲ. ಹಡಗು ಹತ್ತಿ ಇಳಿದದ್ದಷ್ಟೇ ದುಡಿಮೆ. ತಿಂಗಳುಗಟ್ಟಲೆ ಇದು ನಡೆಯಿತು. ಚಿನ್ನ ಎಲ್ಲರ ಕಣ್ಣೆದುರೇ, ಒಪ್ಪಂದದ ಪ್ರಕಾರವೇ ದೇಶ ಬಿಟ್ಟು ಹೋಯಿತು.

ಇದನ್ನು ತಡೆಯಲು 1860ರಲ್ಲಿ ಸರ್ಕಾರ ಹೊಸ ಕೋಬಾನ್ ಹೊರಡಿಸಿತು. ಹಳೇದು 11 ಗ್ರಾಂ ಮೇಲಿದ್ದರೆ ಹೊಸದು 3 ಗ್ರಾಂ ಚಿಲ್ಲರೆ. ಚಿನ್ನ ಸೋರುವುದು ನಿಂತಿತು. ಆದರೆ ಬೆಲೆ ಏರಿ ಬಡವರ ಮನೆಯ ಅಕ್ಕಿ ತುಟ್ಟಿಯಾಯಿತು.

ಅದೇ ವರ್ಷ ಒಪ್ಪಂದಕ್ಕೆ ಮುದ್ರೆ ಬೀಳಿಸಲು ಅಮೆರಿಕಕ್ಕೆ ಹೋದ ನಿಯೋಗದಲ್ಲಿ ಒಗುರಿ ಮೂರನೆಯ ಸ್ಥಾನದವನು. ಹುಟ್ಟಿದ್ದು 1827ರಲ್ಲಿ, ಆಗಿನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಎರಡೂ ದೇಶದ ಚಿನ್ನದ ನಾಣ್ಯ ಪರೀಕ್ಷೆಯಾಗಬೇಕು ಅಂತ ಕೇಳಿದವನು ಅವನೇ. ಅಲ್ಲಿನವರು ನಾಣ್ಯದ ಒಂದು ಚೂರು ಕೆರೆದು ನೋಡಿದರೆ ಸಾಕು ಅಂದರು. ಒಗುರಿ ಒಪ್ಪಲಿಲ್ಲ. ಇಡೀ ನಾಣ್ಯ ಕರಗಿಸಿ, ಚಿನ್ನ ಎಷ್ಟು, ಬೆಳ್ಳಿ ಎಷ್ಟು, ತಾಮ್ರ ಎಷ್ಟು ಅಂತ ತೋರಿಸಿ ಅಂತ ಪಟ್ಟು ಹಿಡಿದ. ಊರಿಂದ ತಂದಿದ್ದ ತಕ್ಕಡಿಯನ್ನೂ ಇಟ್ಟುಕೊಂಡು ಕೊನೆಯವರೆಗೂ ಕೂತಿದ್ದ. ಒಪ್ಪಂದ ಬದಲಾಗಲಿಲ್ಲ. ಆದರೆ ಅವನ ತಾಳ್ಮೆಯನ್ನು ಅಮೆರಿಕದವರೇ ಮೆಚ್ಚಿದರು. ಚಿನ್ನ ಎಲ್ಲಿಗೆ ಹೋಗುತ್ತಿದೆ ಅಂತ ಲೆಕ್ಕ ಹಿಡಿದು ತೋರಿಸಿದವನ ಮೇಲೆಯೇ ಚಿನ್ನ ಮುಚ್ಚಿಟ್ಟ ಆರೋಪ ಬಂತಲ್ಲ, ನನಗೆ ನೋವಾಗುವುದು ಇಲ್ಲೇ.

ಖರ್ಚಿನ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ನಮಾಮುಗಿಯಲ್ಲಿ ಸಮುರಾಯಿಗಳು ಒಬ್ಬ ಇಂಗ್ಲಿಷ್ ವ್ಯಾಪಾರಿಯನ್ನು ಕಡಿದದ್ದಕ್ಕೆ 1863ರಲ್ಲಿ ಶೋಗನ್ ಸರ್ಕಾರ ಕೊಟ್ಟ ದಂಡ 1 ಲಕ್ಷ ಪೌಂಡ್. ಚೋಶು ಸೀಮೆಯವರು ಶಿಮೊನೊಸೆಕಿಯಲ್ಲಿ ಪರದೇಶದ ಹಡಗುಗಳ ಮೇಲೆ ಗುಂಡು ಹಾರಿಸಿದ್ದಕ್ಕೆ 30 ಲಕ್ಷ ಡಾಲರ್ ದಂಡ. ಅದರಲ್ಲಿ ಅರ್ಧ ಕಟ್ಟುವಷ್ಟರಲ್ಲಿ ಶೋಗನ್ ಸರ್ಕಾರವೇ ಬಿದ್ದುಹೋಯಿತು, ಉಳಿದದ್ದನ್ನು ಹೊಸ ಸರ್ಕಾರ ಕಟ್ಟಿತು. ಇದರ ಮೇಲೆ ಚೋಶು ವಿರುದ್ಧ ಎರಡು ಸಲ ದಂಡೆತ್ತಿ ಹೋದ ಖರ್ಚು, ಹಡಗು, ಬಂದೂಕು. ಇಷ್ಟಾದ ಮೇಲೆ ಬೊಕ್ಕಸ ಖಾಲಿ ಇದ್ದದ್ದು ಆಶ್ಚರ್ಯವಾ?

ಸಾಗಾಟದ ಮಾತಿಗೆ ಬರೋಣ. 36 ಲಕ್ಷ ರಿಯೋ ಹಳೇ ಕೋಬಾನ್ ಆದರೆ ತೂಕ ಸುಮಾರು 40 ಟನ್. ಹೊಸ ಕೋಬಾನ್ ಆದರೂ ಸುಮಾರು 12 ಟನ್. ಹೇರುಕುದುರೆಯೊಂದರ ಹೊರೆ 130–150 ಕಿಲೋ. 40 ಟನ್ನಿಗೆ ಮುನ್ನೂರು ಕುದುರೆ ಬೇಕು. ಆ ಕಾಲದ ಹೆದ್ದಾರಿಯಲ್ಲಿ ಕುದುರೆ, ಆಳು ಒದಗಿಸುವುದು ಸುತ್ತಲಿನ ಹಳ್ಳಿಗಳ ಬಿಟ್ಟಿ ಚಾಕರಿ. ಊರಿನ ಮುಖ್ಯಸ್ಥರು ಅದನ್ನು ಕಡತದಲ್ಲಿ ಬರೆದಿಡುತ್ತಿದ್ದರು. ದೋಣಿಯಲ್ಲಿ ತಂದರೂ ದಡದಿಂದ ಬೆಟ್ಟಕ್ಕೆ ಹೊರಬೇಕಲ್ಲ? ಇಷ್ಟು ದೊಡ್ಡ ಮೆರವಣಿಗೆ ಒಂದು ಕಡತದಲ್ಲೂ ಗುರುತು ಬಿಡದೆ ಹೋಯಿತು ಅಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಮಾತು. ಒಗುರಿ ಹೋಗಿ ನೆಲೆಸಿದ ಗೊಂದಾ ಊರು ಅಕಾಗಿಯ ತಪ್ಪಲಲ್ಲಿಲ್ಲ. ನಡುವೆ ಹರುನಾ ಬೆಟ್ಟವಿದೆ, ತೋನೆ ನದಿಯಿದೆ.

ಅವನು ಗೊಂದಾಕ್ಕೆ ಬಂದದ್ದು 1868ರ ಮಾರ್ಚ್ ಕೊನೆಯಲ್ಲಿ. ದುಡ್ಡಿನ ಗಂಟು ತಂದಿದ್ದಾನೆ ಅನ್ನೋ ಸುದ್ದಿ ಅವನಿಗಿಂತ ಮೊದಲೇ ಹರಡಿತ್ತು. ಕೆಲವೇ ದಿನದಲ್ಲಿ ಸುಮಾರು ಎರಡು ಸಾವಿರ ಜನರ ಗುಂಪು ಅವನ ಮೇಲೆ ಬಿತ್ತು. ಅವನ ಕಡೆಯವರು ಅದನ್ನು ಹಿಮ್ಮೆಟ್ಟಿಸಿದರು. ಆಗ ಹೊಸ ಸರ್ಕಾರ ಅವನು ದಂಗೆಗೆ ತಯಾರಿ ಮಾಡುತ್ತಿದ್ದಾನೆ ಅಂದಿತು. ಮೇ 27ರಂದು ಕರಾಸು ನದಿಯ ದಡದಲ್ಲಿ, ವಿಚಾರಣೆ ಇಲ್ಲದೆ, ತಲೆ ಕಡಿದರು. ಮರುದಿನ ದತ್ತುಮಗನನ್ನೂ ಕೊಂದರು. ಅವನ ಸಾಮಾನು ಸರಂಜಾಮು ಜಪ್ತಿಯಾಯಿತು.

ಬಸುರಿ ಹೆಂಡತಿ ಮಿಚಿಕೊ, ಊರಿನವರ ಕಾವಲಿನಲ್ಲಿ ಬೆಟ್ಟ ಹತ್ತಿ ಇಳಿದು ಐಜು ಸೀಮೆ ಸೇರಿದಳು. ಅಲ್ಲಿ ಹೆಣ್ಣುಮಗು ಹುಟ್ಟಿತು, ಹೆಸರು ಕುನಿಕೊ. ಮುಂದೆ ತಾಯಿ ಮಗಳನ್ನು ನೋಡಿಕೊಂಡವನು ಮಿತ್ಸುಯಿ ಮನೆತನದ ದೊಡ್ಡ ಗುಮಾಸ್ತ ಮಿನೊಮುರಾ ರಿಜಾಎಮೊನ್. ಹುಡುಗನಾಗಿದ್ದಾಗ ಒಗುರಿ ಮನೆಯಲ್ಲಿ ಆಳಾಗಿದ್ದವನು. ಉಂಡ ಮನೆಯ ಋಣ ಮರೆಯಲಿಲ್ಲ. 36 ಲಕ್ಷ ರಿಯೋ ಎಲ್ಲಿದೆ ಅಂತ ಗೊತ್ತಿದ್ದ ಮನುಷ್ಯನ ಹೆಂಡತಿ ಹೀಗೆ ಹಳೇ ಆಳಿನ ಆಸರೆಯಲ್ಲಿ ಬದುಕಬೇಕಿತ್ತಾ?

ಒಗುರಿ ಕೈಯಲ್ಲಿ ದೊಡ್ಡ ಮೊತ್ತ ಇದ್ದದ್ದು ನಿಜ. ಅದನ್ನು ಎಲ್ಲಿ ಹಾಕಿದ ಅನ್ನೋದೂ ಗುಟ್ಟಲ್ಲ. ಅಮೆರಿಕದಲ್ಲಿ ವಾಷಿಂಗ್ಟನ್ನಿನ ನೌಕಾ ಕಾರ್ಖಾನೆ ನೋಡಿ ಬೆರಗಾಗಿ ಅಲ್ಲಿಂದ ಒಂದು ಕಬ್ಬಿಣದ ಸ್ಕ್ರೂ ತಂದಿದ್ದ. ಗೊಂದಾದ ತೋಜೆನ್‌ಜಿ ದೇವಾಲಯದಲ್ಲಿ ಅವನ ಸಮಾಧಿಯಿದೆ, ಆ ಸ್ಕ್ರೂ ಕೂಡ ಅಲ್ಲೇ ಇದೆ. ಇಂಥದ್ದನ್ನು ಸಾವಿರಗಟ್ಟಲೆ ಮಾಡುವ ಜಾಗ ನಮ್ಮಲ್ಲೂ ಬೇಕು ಅಂತ ಅವನು ಯೊಕೊಸುಕಾ ಹಡಗುಕಟ್ಟೆಗೆ ಕೈಹಾಕಿದ. ಫ್ರೆಂಚ್ ಎಂಜಿನಿಯರ್ ವೆರ್ನಿಯನ್ನು ಕರೆಸಿದರು. 1865ರಲ್ಲಿ ಕೆಲಸ ಶುರು. ಅಂದಾಜು ಖರ್ಚು ನಾಲ್ಕು ವರ್ಷಕ್ಕೆ 24 ಲಕ್ಷ ಡಾಲರ್. ಸರ್ಕಾರವೇ ಮುಳುಗುತ್ತಿರುವಾಗ ಇದೆಲ್ಲ ಯಾಕೆ ಅಂತ ಕೇಳಿದವರಿದ್ದರು. ಮನೆ ಮಾರುವ ಕಾಲ ಬಂದರೂ ಉಗ್ರಾಣ ಸಮೇತ ಮಾರಿದರೆ ಮರ್ಯಾದೆ ಉಳಿಯುತ್ತದೆ ಎಂಬರ್ಥದ ಮಾತು ಹೇಳಿದ್ದನಂತೆ.

ಮನೆ ಕೈಬದಲಾಯಿತು, ಉಗ್ರಾಣ ನಿಂತಿತು. ಮೊದಲನೆಯ ಡ್ರೈಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ, 1871ರಲ್ಲಿ, ಒಗುರಿ ಸತ್ತು ಮೂರು ವರ್ಷಕ್ಕೆ, ಮುಗಿಯಿತು. ಇವತ್ತಿಗೂ ಅಲ್ಲಿ ಹಡಗುಗಳ ರಿಪೇರಿ ನಡೆಯುತ್ತದೆ. 1905ರಲ್ಲಿ ರಷ್ಯಾ ವಿರುದ್ಧ ತ್ಸುಶಿಮಾ ಸಮುದ್ರಯುದ್ಧ ಗೆದ್ದ ಅಡ್ಮಿರಲ್ ತೋಗೊ, 1912ರಲ್ಲಿ ಒಗುರಿಯ ಮಗಳ ಮನೆಯವರನ್ನು ಕರೆಸಿ, ಆ ಗೆಲುವಿಗೆ ಯೊಕೊಸುಕಾ ಕಾರಣ ಅಂತ ಧನ್ಯವಾದ ಹೇಳಿದ.

ಯೊಕೊಸುಕಾದಲ್ಲಿ ಬಂದರಿಗೆ ಎದುರಾಗಿ ವೆರ್ನಿ ಪಾರ್ಕ್ ಇದೆ. ವೆರ್ನಿ ಮತ್ತು ಒಗುರಿ, ಇಬ್ಬರ ಪ್ರತಿಮೆಯೂ ಅಲ್ಲಿದೆ. ಪಕ್ಕದ ಸ್ಮಾರಕ ಭವನದಲ್ಲಿ 1865ರಲ್ಲಿ ನೆದರ್ಲೆಂಡ್ಸಿನಲ್ಲಿ ತಯಾರಾದ ಎರಡು ಹಬೆ ಸುತ್ತಿಗೆಗಳಿವೆ. ದೊಡ್ಡದು 3 ಟನ್ನಿನದು, ನೂರು ವರ್ಷಕ್ಕೂ ಮೇಲೆ ಕಬ್ಬಿಣ ಬಡಿದದ್ದು. ಗುನ್ಮಾಕ್ಕೆ ಹೋಗಿ ಅಕಾಗಿ ಹತ್ತುವ ಆಸೆ ಇರುವವರು ಖಂಡಿತ ಹತ್ತಿ, ಸರೋವರ ಬಹಳ ಚೆನ್ನಾಗಿದೆ. ಬರುವಾಗ ಯೊಕೊಸುಕಾಕ್ಕೂ ಒಂದು ದಿನ ಇಟ್ಟುಕೊಳ್ಳಿ. ಬೊಕ್ಕಸದ ದುಡ್ಡು ಏನಾಯಿತು ಅಂತ ಅಲ್ಲಿ ಕಣ್ಣಾರೆ ನೋಡಬಹುದು.