ಪೇಪರ್ ಮೇಲೆ ಯಾರ ಹೆಸರು?

ಕೇಳುಗರಿಗೆ ನಮಸ್ಕಾರ. ವೈದ್ಯಕೀಯ ಸಂಶೋಧನೆಯಲ್ಲಿ ಲೇಖಕರು ಅಂದರೆ ಯಾರು, ಅದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಹಾಸ್ಟೆಲ್ ರೂಮಿನಲ್ಲಿ ಥೀಸಿಸ್ ಮುಂದಿಟ್ಟುಕೊಂಡು ಕೂತ ಪಿಜಿ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಕೇಳುತ್ತಿರಬಹುದು. ಅವರ ಗೈಡ್‌ಗಳೂ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು.

ನಾನು ಹೇಳುವುದು ಒಂದೇ ಮಾತು. ಪೇಪರ್, ಅಂದರೆ ಸಂಶೋಧನಾ ಲೇಖನ, ಅದರ ಮೇಲೆ ಹೆಸರು ಹಾಕಿಕೊಂಡವರು ಅದಕ್ಕೆ ಜವಾಬು ಕೊಡಬೇಕು. ಕೊಡಲು ಆಗದಿದ್ದರೆ ಹೆಸರು ಬೇಡ.

ಥೀಸಿಸ್ ಮುಗಿಯಿತು, ಅದನ್ನು ಪೇಪರ್ ಮಾಡಿ ಜರ್ನಲ್‌ಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಕಳಿಸಬೇಕು ಅನ್ನಿ. ಓಪಿಡಿಯಲ್ಲಿ ನಿಂತು ರೋಗಿಗಳ ವಿವರದ ಪ್ರೊಫಾರ್ಮಾ ತುಂಬಿದ್ದು ಪಿಜಿ. ಡ್ಯೂಟಿ ಮುಗಿಸಿ ಬಂದು ರಾತ್ರಿ ಎಕ್ಸೆಲ್‌ಗೆ ಏರಿಸಿದ್ದೂ ಪಿಜಿ. ಮೊದಲ ಪುಟ ಟೈಪ್ ಆಗುವಾಗ ನೋಡಿ, ಹೆಸರುಗಳು ಒಂದೊಂದಾಗಿ ಬಂದು ಕೂರುತ್ತವೆ. ಗೈಡ್ ಹೆಸರು, ಸರಿ. ಇಲಾಖೆಯ ಮುಖ್ಯಸ್ಥರಾದ ಎಚ್‌ಒಡಿ ಹೆಸರು, ಹಾಕದಿದ್ದರೆ ಸರ್ ಏನಂದುಕೊಳ್ತಾರೋ. ಪಕ್ಕದ ಯೂನಿಟ್ ಮೇಡಂಗೆ ಬಡ್ತಿಗೆ ಒಂದು ಪೇಪರ್ ಕಡಿಮೆ ಇದೆ, ಅವರದೂ ಇರಲಿ. ಇದೇನು ಮದುವೆ ಕರೆಯೋಲೆಯೇ, ಸುಖಾಗಮನ ಬಯಸುವವರು ಅಂತ ಹಿರಿಯರನ್ನೆಲ್ಲ ಸಾಲಾಗಿ ಹಾಕೋಕೆ?

‘ಒಂದು ಹೆಸರಿನಿಂದ ಏನು ನಷ್ಟ ಸಾರ್’ ಅನ್ನುವವರಿಗೆ ನಾನು ಯಾವಾಗಲೂ ಲಂಡನ್ನಿನ ಕಥೆ ಹೇಳುತ್ತೇನೆ. 1994ನೇ ಇಸವಿ, ಸೇಂಟ್ ಜಾರ್ಜ್ಸ್ ಆಸ್ಪತ್ರೆ. ಮಾಲ್ಕಮ್ ಪಿಯರ್ಸ್ ಎಂಬ ಹೆರಿಗೆ ತಜ್ಞರು ಒಂದು ಕೇಸ್ ರಿಪೋರ್ಟ್, ಅಂದರೆ ಒಬ್ಬ ರೋಗಿಯ ಚಿಕಿತ್ಸೆಯ ವರದಿ, ಪ್ರಕಟಿಸಿದರು. ಕೆಲವು ಸಲ ಭ್ರೂಣ ಗರ್ಭಕೋಶಕ್ಕೆ ಬಾರದೆ, ಅಂಡಾಶಯದಿಂದ ಅಲ್ಲಿಗೆ ಬರುವ ನಳಿಕೆಯಲ್ಲೇ ಬೆಳೆಯತೊಡಗುತ್ತದೆ. ನಳಿಕೆ ಒಡೆದರೆ ತಾಯಿಯ ಜೀವಕ್ಕೇ ಅಪಾಯ. ಅಂಥ ಭ್ರೂಣವನ್ನು ಗರ್ಭಕೋಶಕ್ಕೆ ತಂದು ಕೂರಿಸಿದೆ, ಆರೋಗ್ಯವಂತ ಮಗು ಹುಟ್ಟಿತು ಎಂದು ಪಿಯರ್ಸ್ ಬರೆದರು. ದೊಡ್ಡ ಸುದ್ದಿಯಾಯಿತು. ಆಗದೆ ಇರುತ್ತದೆಯೇ? ಮಗು ಕಳೆದುಕೊಂಡ ಎಷ್ಟೋ ತಾಯಂದಿರಿಗೆ ಅದು ಆಸೆಯ ಮಾತು.

ಅದೇ ಆಸ್ಪತ್ರೆಯ ಒಬ್ಬ ಕಿರಿಯ ವೈದ್ಯರಿಗೆ ಅನುಮಾನ ಬಂತು. ತನಿಖೆ ನಡೆಯಿತು. ಹುಡುಕಿದರೆ ಅಂಥ ತಾಯಿಯೇ ಇಲ್ಲ! ಪದೇ ಪದೇ ಗರ್ಭಪಾತವಾಗುವ ಹೆಂಗಸರ ಮೇಲೆ ಔಷಧಿ ಪರೀಕ್ಷೆ ಮಾಡಿದೆ ಎಂದು ಬರೆದ ಅವರ ಇನ್ನೊಂದು ಪೇಪರ್ ಕೂಡ ಸುಳ್ಳು. ಪಿಯರ್ಸ್ ಕೆಲಸ ಹೋಯಿತು. 1995ರಲ್ಲಿ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಅವರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಿತು.

ಈಗ ನಾನು ಹೇಳಬೇಕೆಂದಿದ್ದ ಭಾಗ. ಆ ಕೇಸ್ ರಿಪೋರ್ಟ್ ಮೇಲೆ ಜೆಫ್ರಿ ಚೇಂಬರ್ಲಿನ್ ಅವರ ಹೆಸರೂ ಇತ್ತು. ಅವರು ಪಿಯರ್ಸ್ ಕೆಲಸ ಮಾಡುತ್ತಿದ್ದ ಇಲಾಖೆಯ ಮುಖ್ಯಸ್ಥರು. ಬ್ರಿಟನ್ನಿನ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಅಧ್ಯಕ್ಷರು. ಸಾಲದ್ದಕ್ಕೆ, ಪೇಪರ್ ಅಚ್ಚು ಹಾಕಿದ ಜರ್ನಲ್‌ನ ಸಂಪಾದಕರೂ ಅವರೇ. ಸುಳ್ಳು ಹೊರಬಿದ್ದಾಗ, ಆ ಕೆಲಸದಲ್ಲಿ ನಾನು ಇರಲೇ ಇಲ್ಲ ಅಂದರು. ಹಾಗಾದರೆ ಹೆಸರು ಹೇಗೆ ಬಂತು? ಮರ್ಯಾದೆಗೆ. ಮುಖ್ಯಸ್ಥರ ಹೆಸರು ಹಾಕುವುದು ವಾಡಿಕೆ ಅಂತೆ! ಅಧ್ಯಕ್ಷ ಸ್ಥಾನವೂ ಹೋಯಿತು, ಸಂಪಾದಕ ಸ್ಥಾನವೂ ಹೋಯಿತು. ಸುಳ್ಳು ಹೆಣೆದವರು ಅವರಲ್ಲ. ಆದರೆ ಹೆಸರು ಇತ್ತಲ್ಲ, ಜವಾಬು ಕೊಡಬೇಕಾಯಿತು. ‘ಆ ತಾಯಿಯ ಕೇಸ್ ಶೀಟ್ ತೋರಿಸಪ್ಪ’ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು.

ಕಥೆಗೇ ಜಾಸ್ತಿ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ. ಅಧ್ಯಯನದ ಯೋಜನೆಯಲ್ಲೋ ಡೇಟಾದಲ್ಲೋ ಗಟ್ಟಿ ಕೆಲಸ ಮಾಡಿರಬೇಕು. ಬರೆದಿರಬೇಕು ಅಥವಾ ವಿಷಯ ನೋಡಿ ತಿದ್ದಿರಬೇಕು. ಕೊನೆಯ ಪ್ರತಿ ಓದಿ ಒಪ್ಪಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು, ಅದೇ ನನ್ನ ಮಾತು: ಜವಾಬು ಕೊಡಬೇಕು. ನಾಲ್ಕೂ ಇರಬೇಕು, ಒಂದೆರಡು ಇದ್ದರೆ ಸಾಲದು. ಇಲಾಖೆ ನಡೆಸುವುದು, ದುಡ್ಡು ತರುವುದು ಇಷ್ಟರಿಂದಲೇ ಯಾರೂ ಲೇಖಕರಾಗುವುದಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಔಷಧಿ ಕಂಪನಿ ಯಾರ ಕೈಲೋ ಬರೆಸಿ, ದೊಡ್ಡ ಡಾಕ್ಟರ ಹೆಸರು ಅಂಟಿಸುವುದು. ನಿಜವಾಗಿ ಬರೆದವರು ಮಾಯ. ಅದರ ಬಗ್ಗೆಯೇ ಇನ್ನೊಂದು ಭಾಷಣ ಬೇಕು. ಚಾಟ್‌ಜಿಪಿಟಿ ಹೆಸರು ಹಾಕಬಹುದಾ ಅಂತ ಈಚೆಗೆ ಎಲ್ಲರೂ ಕೇಳುತ್ತಾರೆ. ಹಾಕುವಂತಿಲ್ಲ. ಅದು ಜವಾಬು ಕೊಡುವುದಿಲ್ಲ. ಬಳಸಿದ್ದರೆ ಬಳಸಿದ್ದೇನೆ ಅಂತ ಬರೆಯಿರಿ, ಅಷ್ಟೇ.

‘ಸರ್ ಹತ್ರ ಹೇಗೆ ಹೇಳೋದು?’ ಪಿಜಿಗಳ ಕಷ್ಟ ನನಗೆ ಗೊತ್ತು. ಥೀಸಿಸ್‌ನ ಯೋಜನೆ, ಅಂದರೆ ಸಿನಾಪ್ಸಿಸ್, ಬರೆಯುವಾಗಲೇ ಗೈಡ್ ಜೊತೆ ಕೂತು, ಯಾರು ಯಾವ ಕೆಲಸ ಮಾಡುತ್ತಾರೆ, ಯಾರ ಹೆಸರು ಎಲ್ಲಿ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಪೇಪರ್ ಸಿದ್ಧವಾದಾಗ ಕರಡನ್ನು ಟೇಬಲ್ ಸಮೇತ ಎಲ್ಲರಿಗೂ ಕೊಟ್ಟು, ತಿದ್ದಿ ಕೊಡಿ ಎಂದು ಕೇಳಿ. ಗೈಡ್‌ಗಳೇ, ನೀವೂ ಅಷ್ಟೇ, ಓದದೆ ಸಹಿ ಹಾಕಬೇಡಿ. ರೋಗಿಗಳನ್ನು ಕಳಿಸಿಕೊಟ್ಟವರು, ಸಲಹೆ ಕೊಟ್ಟವರು ಇರುತ್ತಾರಲ್ಲ, ಅವರನ್ನು ಕೇಳಿಕೊಂಡು ಕೃತಜ್ಞತೆಯ ಜಾಗದಲ್ಲಿ ಹೆಸರು ಹಾಕಿ. ನಮಸ್ಕಾರ.