ರಂದ ಹೊಡೆಸ್ಬೇಡಿ, ಇನ್ನೂ ಜುಲೈ!

[ಭುಜದಿಂದ ಬಾಗಿಲು ತಳ್ಳುವ ಸದ್ದು. ಬಾಗಿಲು ಜಪ್ಪಯ್ಯ ಅನ್ನಲ್ಲ.]

ನೋಡಿದ್ರಲ್ಲ? ಇದು ನಮ್ಮನೆ ದೇವರಕೋಣೆ ಬಾಗಿಲು. ಮಾರ್ಚಲ್ಲಿ ಕಿರುಬೆರಳಲ್ಲಿ ತಳ್ಳಿದ್ರೂ ತೆಕ್ಕೊಳ್ತಿತ್ತು. ಈಗ ದೇವರ ದರ್ಶನಕ್ಕೆ ಮುಂಚೆ ದಿನಾ ಒಂದು ಕುಸ್ತಿ. ಹೋದ ವಾರ ನಿಮ್ಮಲ್ಲಿ ತುಂಬ ಜನ ಕೇಳಿದ್ದೂ ಇದನ್ನೇ: "ಮಳೆ ಹಿಡಿದ ಕೂಡ್ಲೇ ಬಾಗಿಲೂ ಹಿಡ್ಕೊಳ್ಳುತ್ತೆ, ಸ್ವಲ್ಪ ಕೀಸಿಸಿಬಿಡ್ಲಾ?"

ಬೇಡ. ನಾನು ಕೀಸಿಸಿ ಅನುಭವಿಸಿದೀನಿ. ಮೂರು ವರ್ಷದ ಹಿಂದೆ, ಸರಿಯಾಗಿ ಆಷಾಢದಲ್ಲಿ, ರೂಮಿನ ಬಾಗಿಲಿಗೆ ರಂದ ಹೊಡೆಸಿದೆ. ಎರಡು ತಿಂಗಳು ಬಾಗಿಲು ಬೆಣ್ಣೆ. ಸಂಕ್ರಾಂತಿ ಕಳೀತು, ಶಿವರಾತ್ರಿ ಬಂತು, ಬಾಗಿಲಿಗೂ ಚೌಕಟ್ಟಿಗೂ ಮಧ್ಯೆ ಎಂಥಾ ಸಂದು ಅಂದ್ರೆ, ಹಲ್ಲಿಗಳು ಅದನ್ನ ಅಂಡರ್‌ಪಾಸ್ ಮಾಡ್ಕೊಂಡ್ವು. ಆಗ ಮಡಚಿ ತುರುಕಿದ ಪೇಪರ್ ಇವತ್ತಿಗೂ ಅಲ್ಲೇ ಇದೆ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಮರ ಕಡಿದು ನೂರು ವರ್ಷ ಆಗಿದ್ರೂ ಗಾಳಿಯಲ್ಲಿರೋ ತೇವ ಕುಡಿಯೋದು, ಬಿಡೋದು ನಿಲ್ಲಲ್ಲ. ಗಾಳಿಯ ಆರ್ದ್ರತೆ ಶೇ. 30 ಇದ್ದಾಗ ಮರದಲ್ಲಿ ಅದರ ಒಣತೂಕದ ಸುಮಾರು ಶೇ. 6ರಷ್ಟು ನೀರಿರುತ್ತೆ. ಆರ್ದ್ರತೆ 80ಕ್ಕೆ ಏರಿದ್ರೆ ಸುಮಾರು 16. ಪೇಂಟು, ಪಾಲಿಶ್ ಎಲ್ಲ ತಡ ಮಾಡ್ತವೆ, ತಡೆಯಲ್ಲ.

ನನಗೆ ತಲೆ ಕೆಡಿಸಿದ್ದು ಬೇರೆ ವಿಷಯ. ಬಾಗಿಲು ಅಗಲಕ್ಕೆ ಮಾತ್ರ ಯಾಕೆ ಉಬ್ಬುತ್ತೆ? ಎತ್ತರಕ್ಕೆ ಯಾಕೆ ಬೆಳೆಯಲ್ಲ?

ಸಂಜೆ ಆರು ಗಂಟೆ ಬಿಎಂಟಿಸಿ ಬಸ್ ನೆನೆಸ್ಕೊಳ್ಳಿ. ಡ್ರೈವರಿಂದ ಹಿಂದಿನ ಸೀಟಿನವರೆಗೆ ಜನ ಉದ್ದುದ್ದ ಸಾಲಾಗಿ ನಿಂತಿದಾರೆ. ಸಾಲಿನ ಒಳಗೆ ಒಬ್ಬರಿಗೊಬ್ಬರು ಕೈ ಬಿಡಲ್ಲ ಅಂತಿಟ್ಕೊಳ್ಳಿ. ಎರಡು ಸಾಲಿನ ನಡುವೆ "ಒಳಗೆ ನಡೀರಿ, ಒಳಗೆ ನಡೀರಿ" ಅಂತ ಕಂಡಕ್ಟರ್ ನುಗ್ಗುತ್ತಾರೆ. ಏನಾಗುತ್ತೆ? ಸಾಲುಗಳು ಪಕ್ಕಕ್ಕೆ ಸರೀತವೆ. ಉದ್ದ ಅಷ್ಟೇ ಇರುತ್ತೆ. ಮರದ ನಾರೊಳಗೆ ಸೆಲ್ಯುಲೋಸ್ ಸರಪಳಿಗಳು, ಅಂದ್ರೆ ಮರ ಆಗಿರೋ ಉದ್ದುದ್ದ ಅಣುಗಳು, ಹೀಗೇ ಬಹುಪಾಲು ಉದ್ದಕ್ಕೆ ನಿಂತಿರ್ತವೆ. ನೀರು ಕಂಡಕ್ಟರ್. ತೇಗ ಹಸಿಯಿಂದ ಪೂರ್ತಿ ಒಣಗೋವಷ್ಟರಲ್ಲಿ ಅಗಲದಲ್ಲಿ ಹೆಚ್ಚಂದ್ರೆ ಶೇ. 6ರ ಹತ್ತಿರ ಕುಗ್ಗುತ್ತೆ, ಉದ್ದದಲ್ಲಿ ಶೇ. 0.3 ಕೂಡ ಇಲ್ಲ. ಅದೂ ತೇಗ ಅಂದ್ರೆ ಮರಗಳಲ್ಲೇ ಸಂಭಾವಿತ.

ಈಗ ಲೆಕ್ಕ ಹಾಕಿ. ಹಲಗೆ ಪಕ್ಕ ಹಲಗೆ ಜೋಡಿಸಿದ 90 ಸೆಂ.ಮೀ. ಅಗಲದ ತೇಗದ ಬಾಗಿಲು. ಮರದ ತೇವ ಶೇಕಡಾ 5 ಅಂಶ, ಅಂದ್ರೆ 10ರಿಂದ 15ಕ್ಕೆ ಅಂತಿಟ್ಕೊಳ್ಳಿ, ಏರಿದ್ರೆ, ಹಲಗೆ ಕೊಯ್ದ ರೀತಿ ಮೇಲೆ, 4ರಿಂದ 8 ಮಿ.ಮೀ. ಉಬ್ಬಬೇಕು. ಚೌಕಟ್ಟಲ್ಲಿ ನಾವು ಬಿಡೋ ಸಂದು ಎರಡೋ ಮೂರೋ ಮಿ.ಮೀ. ಹಾಗಿದ್ರೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯೋ ಆಗುಂಬೆ ಕಡೆ ಯಾರೂ ಮನೆಯಿಂದ ಹೊರಗೇ ಬರ್ಬಾರ್ದಿತ್ತು!

ಉತ್ತರ ಸಿಕ್ಕಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮಜ್ಜಿ ಮನೇಲಿ. ಅಲ್ಲಿನ ಹಳೇ ಬಾಗಿಲಿಗೆ ಸುತ್ತ ದಪ್ಪ ಪಟ್ಟಿಗಳ ಫ್ರೇಮು, ಮಧ್ಯೆ ತೆಳು ಹಲಗೆ. ಬೇಸಿಗೆ ರಜೆಯಲ್ಲಿ ಆ ಹಲಗೆಗೆ ಅಂಗೈ ಒತ್ತಿದ್ರೆ ಟಕ್ ಟಕ್ ಅಂತ ಅಲುಗೋದು. ಮೊಳೆ ಸಡಿಲ ಆಗಿದೆ ಅಂತ ನಾನು ಬಡಗಿ ಆಚಾರ್ರಿಗೆ ಹೇಳಿದೆ. ಅವ್ರು ನಕ್ಕು, "ಅದಕ್ಕೆ ಮೊಳೆ ಎಲ್ಲುಂಟು? ಕಟ್ಟಿ ಹಾಕಿದ್ರೆ ಮಳೆಗಾಲದಲ್ಲಿ ಫ್ರೇಮೇ ಒಡ್ಕಂಡು ಹೋಗ್ತದೆ ಮಾರಾಯ" ಅಂದ್ರು.

ನಿಜ, ಮೊಳೆನೂ ಇಲ್ಲ, ಅಂಟೂ ಇಲ್ಲ. ಫ್ರೇಮಿನ ಒಳ ಅಂಚಲ್ಲಿ ಸಣ್ಣ ಕಾಲುವೆ ಕೊರೆದು ಹಲಗೆಯನ್ನ ಸುಮ್ನೆ ಕೂರಿಸಿರ್ತಾರೆ. ಉಬ್ಬಿದ್ರೆ ಕಾಲುವೆ ಒಳಗೇ ಉಬ್ಕೋಬೇಕು. ಹೊರಗಿನ ಅಗಲ ಬದಲಾಗೋದು ಫ್ರೇಮಿನ ಎಡಕ್ಕೆ, ಬಲಕ್ಕೆ ನೇರ ನಿಂತಿರೋ ಎರಡು ನಿಲುಪಟ್ಟಿ ಉಬ್ಬಿದಷ್ಟು ಮಾತ್ರ. ತಲಾ 11 ಸೆಂ.ಮೀ. ಪಟ್ಟಿ ಅಂದ್ರೆ ಒಟ್ಟು 1ರಿಂದ 2 ಮಿ.ಮೀ. ಸಂದಿನೊಳಗೇ ಆರಾಮಾಗಿ ಮುಗೀತು!

ಇನ್ನೊಂದು ಪತ್ತೇದಾರಿ ಇದೆ, ತಡ್ಕೊಳ್ಳಿ. [ಕ್ಯಾಮೆರಾ ಹಲಗೆಯ ಅಂಚಿಗೆ] ಹಲಗೆ ಫ್ರೇಮಿಗೆ ಸೇರೋ ಕಡೆ, ಹಸಿರು ಪೇಂಟಿನ ಪಕ್ಕ ದಾರದಷ್ಟು ದಪ್ಪಕ್ಕೆ ಬರೀ ಮರ ಕಾಣ್ತಿದೆ ನೋಡಿ. ಇದು ಏಪ್ರಿಲಲ್ಲಿ ತೆಗೆದ ಶಾಟ್. ಗೌರಿ ಹಬ್ಬಕ್ಕೆ ಮುಂಚೆ, ಹಲಗೆ ಉಬ್ಬಿ ಕೂತಿದ್ದಾಗ ಪೇಂಟ್ ಹೊಡೆದಿದಾರೆ. ಬೇಸಿಗೆಗೆ ಹಲಗೆ ಕುಗ್ಗಿ, ಒಳಗೆ ಬಚ್ಚಿಟ್ಟುಕೊಂಡಿದ್ದ ಅಂಚು ಹೊರಗೆ ಬಂತು. ಪೇಂಟರನ್ನ ಬೈಯೋ ಮುಂಚೆ ಕ್ಯಾಲೆಂಡರ್ ನೋಡಿ.

ಎಡಿಟರ್ ಗಡಿಯಾರ ತೋರಿಸ್ತಿದಾನೆ. ಹಾಗಾಗಿ ಪರಿಹಾರಗಳೆಲ್ಲ ಒಂದೇ ಉಸಿರಿಗೆ. ಬಾಗಿಲ ಅಂಚಿಗೆ ಸೀಮೆಸುಣ್ಣ ತಿಕ್ಕಿ ಮುಚ್ಚಿ, ಚೌಕಟ್ಟಲ್ಲಿ ಎಲ್ಲಿ ಬಿಳಿ ಅಂಟುತ್ತೋ ಅಲ್ಲೇ ಉಜ್ತಿರೋದು. ಅಲ್ಲಿಗೆ ಮೇಣದಬತ್ತಿ ತಿಕ್ಕಿ, ಮಳೆಗಾಲ ಕಳೀಲಿ. ಫೋನ್ ಮೇಲೆತ್ತಿ ಬಾಗಿಲ ನೆತ್ತಿಯ ಫೋಟೋ ತೆಗೀರಿ. ಪೇಂಟರುಗಳು ಮರೆಯೋದು ಅಲ್ಲೇ. ನಮ್ಮದರಲ್ಲಿ ಪೇಂಟ್ ಇರ್ಲಿಲ್ಲ, ಎರಡು ಸತ್ತ ಜಿರಳೆ ಇದ್ವು. ನಿಲುಪಟ್ಟಿಯ ನಾರಿನ ಬಾಯಿ ತೆರೆದಿರೋದು ಆ ನೆತ್ತಿ, ಬುಡದಲ್ಲೇ, ನೀರು ಸುಲಭವಾಗಿ ಒಳಗೆ ಹೋಗೋದೂ ಅಲ್ಲಿಂದಲೇ. ಮಾರ್ಚ್, ಏಪ್ರಿಲಲ್ಲಿ ಮರ ಒಣಗಿದಾಗ ಎರಡಕ್ಕೂ ಎರಡೆರಡು ಕೋಟ್ ಹೊಡೀರಿ. ಆಮೇಲೂ ಹಿಡಿದ್ರೆ ಕೀಸಿಸಿ, ಸ್ವಲ್ಪವೇ. ಬಾತ್‌ರೂಮಿಗೆ ಪಿವಿಸಿ ಬಾಗಿಲು ಹಾಕಿ, ಚಂದ ಇಲ್ಲ ಅಂತ ನನ್ನ ಹತ್ರ ವಾದಕ್ಕೆ ಬರ್ಬೇಡಿ. ಉಪ್ಪಿನ ಡಬ್ಬಿ ನೀರೊಡೆಯೋದಕ್ಕೆ ಬೇರೆ ವಿಡಿಯೋ ಮಾಡ್ತೀನಿ, ಅದು ಆರ್ದ್ರತೆ ಶೇ. 75 ದಾಟಿದಾಗಿನ ಕಥೆ.

ಅಯ್ಯೋ, ಮೊದಲೇ ಹೇಳಬೇಕಿದ್ದ ಟೆಸ್ಟೇ ಬಿಟ್ಟೆ. ಹ್ಯಾಂಡಲ್ ಹಿಡಿದು ಬಾಗಿಲನ್ನ ಸ್ವಲ್ಪ ಮೇಲಕ್ಕೆ ಎತ್ತಿ ತಳ್ಳಿ. ಸಲೀಸಾಗಿ ಬಂದ್ರೆ ಮರದ ತಪ್ಪೇನಿಲ್ಲ, ಮೇಲಿನ ಹಿಂಜಿನ ಸ್ಕ್ರೂ ಸಡಿಲ ಆಗಿ ಬಾಗಿಲು ಜೋತಿದೆ ಅಂತ. ಈ ದೇವರಕೋಣೇದೇ ತೋರಿಸ್ತೀನಿ, ನೋಡಿ, ಎತ್ತಿದ್ರೂ ಇದು…

[ಬಾಗಿಲು ಸುಮ್ಮನೆ ತೆರೆದುಕೊಳ್ಳುತ್ತದೆ.]

ಲೋ, ಆ ಸ್ಕ್ರೂಡ್ರೈವರ್ ತಗೊಂಬಾರೋ.