ಮೊದಲು ಡಿಸ್ಕ್, ಆಮೇಲೆ ಡ್ರೈವ್

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯ ಕಂಪ್ಯೂಟರಿಗೆ ಸಿಡಿ, ಡಿವಿಡಿ ಹಾಕುವ ಎಂಥ ಡಿಸ್ಕ್ ಡ್ರೈವ್ ತೆಗೆದುಕೊಳ್ಳಬೇಕು, ಹೇಳಿ ಅಂತ ಕರೆದಿದ್ದಾರೆ. ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಆಮೇಲೆ ನೀವು ರೇಡಿಯೋ ಆರಿಸಿದರೂ ಬೇಜಾರಿಲ್ಲ. ಮೊದಲು ಮನೆಯಲ್ಲಿರುವ ಡಿಸ್ಕ್ ನೋಡಿ, ಆಮೇಲೆ ಡ್ರೈವ್ ನೋಡಿ.

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಅಂಗಡಿಗೆ ಹೋಗಿ "ಜಾಸ್ತಿ ಸ್ಪೀಡ್ ಇರೋದು ಕೊಡಿ" ಅನ್ನುತ್ತಾರೆ. ಅಲ್ಲಾ ಸ್ವಾಮಿ, ಒಳಗೆ ಯಾವ ಡಿಸ್ಕ್ ಹಾಕಬೇಕು ಅಂತಲೇ ಗೊತ್ತಿಲ್ಲ, ಸ್ಪೀಡ್ ಕಟ್ಟಿಕೊಂಡು ಏನು ಮಾಡುತ್ತೀರಿ?

ನಮ್ಮ ಭಾವನ ಕತೆ ಹೇಳುತ್ತೇನೆ. ಮಗಳ ಶಾಲೆಯ ನಾಟಕದ ವಿಡಿಯೋ ಒಂದು ಡಿಸ್ಕಿನಲ್ಲಿತ್ತು. ಅದನ್ನು ನೋಡಬೇಕು ಅಂತ ಹೊಸ ಡಿವಿಡಿ ರೈಟರ್ ತಂದರು. 24 ಎಕ್ಸ್ ಸ್ಪೀಡಿನದು, ಎಲ್ಲಕ್ಕಿಂತ ಜೋರು. ಡಿಸ್ಕ್ ಹಾಕಿದರೆ ಟ್ರೇ ಒಳಗೆ ಹೋಯಿತು, ಎರಡು ಸಲ ಗುರ್ ಅಂತು, ಹಸಿರು ದೀಪ ಮಿಣುಕಿತು, ಸುಮ್ಮನಾಯಿತು. ಸ್ಕ್ರೀನ್ ಮೇಲೆ "ಡಿಸ್ಕ್ ಹಾಕಿ" ಅಂತ ಬಂತು. ಡಿಸ್ಕ್ ಒಳಗೇ ಇದೆ! ಭಾವನಿಗೆ ಪಿತ್ತ ನೆತ್ತಿಗೇರಿತು. ಡಿಸ್ಕ್ ತೆಗೆದು ಅಂಗಿಯ ತುದಿಯಲ್ಲಿ ಗುಂಡಗೆ ಉಜ್ಜಿದರು. ಹಾಗೆ ಉಜ್ಜಬಾರದು, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು. ಇರಲಿ. ಡ್ರೈವ್ ಕೆಟ್ಟಿದೆ ಅಂತ ವಾಪಸ್ ಕೊಟ್ಟು ಬೇರೆ ತಂದರು. ಅದೂ ಅಷ್ಟೇ. ಕೊನೆಗೆ ಸಿಪಿಯು ಡಬ್ಬವನ್ನೇ ಹೊತ್ತುಕೊಂಡು ನನ್ನ ಮನೆಗೆ ಬಂದರು.

"ನೋಡಯ್ಯಾ, ಈಗಿನ ಮಾಲು ಎಲ್ಲಾ ಹೀಗೇ" ಅಂದರು.

"ಭಾವ, ಡಿಸ್ಕ್ ಕೊಡಿ ಇಲ್ಲಿ" ಅಂದೆ.

ತಿರುಗಿಸಿ ನೋಡಿದೆ. ಬರೆಯುವ ಡಿವಿಡಿಯ ಕೆಳಮುಖ ಸಾಮಾನ್ಯವಾಗಿ ನೇರಳೆ ಬಣ್ಣ ಇರುತ್ತದೆ. ಇದು ಗಾಢ ಬೂದು. ಮೇಲೆ, ನಡುವಿನ ತೂತಿನ ಪಕ್ಕದಲ್ಲಿ, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ: ಬಿಡಿ-ಆರ್, 25 ಜಿಬಿ. ಅಂದರೆ ಬ್ಲೂ-ರೇ, ಡಿವಿಡಿಗಿಂತ ಬಹಳ ಜಾಸ್ತಿ ಹಿಡಿಯುವ ಬೇರೆ ಜಾತಿಯ ಡಿಸ್ಕ್. ಡಿವಿಡಿ ರೈಟರಿಗೆ ಅದನ್ನು ಓದುವ ಕಣ್ಣೇ ಇಲ್ಲ. ಎರಡು ಸಲ ಅಂಗಡಿಯವನ ಜೊತೆ ಜಗಳ ಆಗಿತ್ತು, ಪಾಪ ಅವನದೇನೂ ತಪ್ಪಿರಲಿಲ್ಲ.

ಕಣ್ಣು ಅಂದೆನಲ್ಲ, ಅದು ಲೇಸರ್. ಸಿಡಿಯಲ್ಲಿ 700 ಎಂಬಿ ಹಿಡಿಯುತ್ತದೆ. ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರ ಇದ್ದರೆ 8.5. ಬ್ಲೂ-ರೇಯಲ್ಲಿ ಒಂದು ಪದರಕ್ಕೇ 25. ಡಿಸ್ಕಿನ ಅಗಲ ಮಾತ್ರ ಎಲ್ಲಕ್ಕೂ ಅದೇ 12 ಸೆಂಟಿಮೀಟರ್. ಅಷ್ಟೇ ಜಾಗದಲ್ಲಿ ಜಾಸ್ತಿ ತುಂಬಬೇಕಾದರೆ ಗುರುತುಗಳು ಸಣ್ಣದಾಗಬೇಕು, ಓದುವ ಬೆಳಕೂ ಸಣ್ಣದಾಗಬೇಕು. ಸಿಡಿಗೆ 780 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ಡಿವಿಡಿಗೆ 650ರ ಕೆಂಪು, ಬ್ಲೂ-ರೇಗೆ 405ರ ನೀಲಿ-ನೇರಳೆ. ಗೋಣಿ ಹೊಲಿಯುವ ದಬ್ಬಳದಲ್ಲಿ ರವಿಕೆಗೆ ಕಸೂತಿ ಹಾಕಲು ಆಗುತ್ತದೆಯೇ? ಅದಕ್ಕೇ ಹೇಳಿದ್ದು, ಮೊದಲು ಡಿಸ್ಕ್ ನೋಡಿ ಅಂತ.

ಭಾವನ ಕತೆಯಲ್ಲಿ ಅರ್ಧ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಮನೆಯಲ್ಲಿ ಬರೀ ಸಿಡಿ, ಡಿವಿಡಿ ಇದ್ದರೆ ಯುಎಸ್‌ಬಿಗೆ ಸಿಕ್ಕಿಸುವ ತೆಳು ಡಿವಿಡಿ ರೈಟರ್ ಸಾಕು; ಬ್ಲೂ-ರೇ ಇದ್ದರೆ ಬ್ಲೂ-ರೇ ಡ್ರೈವೇ ಬೇಕು. ಡಬ್ಬ ಬಿಚ್ಚುವ ಕೆಲಸವಿಲ್ಲ, ಲ್ಯಾಪ್‌ಟಾಪಿಗೂ ಆಗುತ್ತದೆ. ಯುಎಸ್‌ಬಿ ಡ್ರೈವನ್ನು ನೇರ ಕಂಪ್ಯೂಟರಿಗೇ ಸಿಕ್ಕಿಸಿ. ಒಂದು ಯುಎಸ್‌ಬಿ ಕಿಂಡಿಯನ್ನು ಹಲವು ಮಾಡುವ ಹಬ್ ಮೂಲಕ ಕೊಟ್ಟರೆ ಎಷ್ಟೋ ಸಲ ಕರೆಂಟ್ ಸಾಲದೆ ಟಿಕ್ ಟಿಕ್ ಅನ್ನುತ್ತಾ ಕೂರುತ್ತದೆ. ಒಳಗೇ ಕೂರಿಸುವುದಾದರೆ ಡಬ್ಬದ ಮುಂದೆ ಅಗಲದ ಕಿಂಡಿ ಇದೆಯೇ ನೋಡಿಕೊಳ್ಳಿ. ಈಗಿನ ಎಷ್ಟೋ ಡಬ್ಬಗಳಲ್ಲಿ ಅದು ಇರುವುದೇ ಇಲ್ಲ.

ಸ್ಪೀಡ್ ಬಗ್ಗೆ ಕೇಳೇ ಕೇಳುತ್ತೀರಿ. ಸಿಡಿಯ 1 ಎಕ್ಸ್ ಅಂದರೆ ಸೆಕೆಂಡಿಗೆ 150 ಕೆಬಿ. ಡಿವಿಡಿಯ 1 ಎಕ್ಸ್ ಅದರ ಒಂಬತ್ತು ಪಟ್ಟು. ಹಾಗಾಗಿ 52 ಎಕ್ಸ್ ಸಿಡಿಗಿಂತ 16 ಎಕ್ಸ್ ಡಿವಿಡಿಯೇ ಜೋರು. ಇನ್ನು ಪೆಟ್ಟಿಗೆ ಮೇಲೆ ಬರೆದ ಆ ಸ್ಪೀಡ್ ಬರುವುದು ಡಿಸ್ಕಿನ ಹೊರ ಅಂಚಿನ ಹತ್ತಿರ ಮಾತ್ರ. ಆ ನಂಬರಿಗೆ ದುಡ್ಡು ಸುರಿಯಬೇಡಿ.

ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ತಾನಾಗಿ ಓಡುವುದಿಲ್ಲ. ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ. ಬ್ಲೂ-ರೇ ಸಿನಿಮಾಗೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ಒಂದು. ಡಿಸ್ಕ್ ಒಳಗೇ ಸಿಕ್ಕಿಕೊಂಡರೆ ಗಾಬರಿ ಬೇಡ. ಕಂಪ್ಯೂಟರ್ ಆಫ್ ಮಾಡಿ. ಹೆಚ್ಚಿನ ಡ್ರೈವ್‌ಗಳ ಮುಂದೆ ಸೂಜಿಗಾತ್ರದ ತೂತು ಇರುತ್ತದೆ. ಪೇಪರ್ ಕ್ಲಿಪ್ ನೇರ ಮಾಡಿ ಅದರೊಳಗೆ ಒತ್ತಿ, ಟ್ರೇ ಹೊರಗೆ ಬರುತ್ತದೆ. ನಮ್ಮ ಭಾವ ಅಷ್ಟು ಹೊತ್ತಿಗೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಆ ಕತೆಗೆ ಈಗ ಸಮಯ ಇಲ್ಲ. ನಮಸ್ಕಾರ.